ಬಕೆಟ್ ಎತ್ತಿದ ದಿನ
ಪಾಂಡವಪುರದ ಹತ್ತಿರ ನಮ್ಮದೊಂದು ತುಂಡು ಜಮೀನಿದೆ. ಕರೆಂಟ್ ಇಲ್ಲ, ಒಂದು ಶೀಟಿನ ಮನೆ ಅಷ್ಟೇ. ಶನಿವಾರ ಬಂತೆಂದರೆ ಮೈಸೂರಿಂದ ಅಲ್ಲಿಗೆ ಓಡುತ್ತೇನೆ. ಕಕ್ಕಸಿಗೆ ಗುಂಡಿ ತೋಡಿಸೋಣ ಅಂತ ಹೊರಟರೆ 3 ಅಡಿಗೇ ನೀರು ಜಿನುಗಿತು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ತಗ್ಗಿನ ಜಮೀನಿನ ಕಥೆಯೇ ಅದು. ಆ ಗುಂಡಿಯಲ್ಲಿ ಬಿಟ್ಟಿದ್ದು ಪಕ್ಕದವರ ಬಾವಿಗೆ ಹೋಗೋಕೆ ಎಷ್ಟು ಹೊತ್ತು?

ಅದಕ್ಕೇ ಒಣ ಕಕ್ಕಸು ಮಾಡಿಕೊಂಡೆ. 20 ಲೀಟರಿನ ಖಾಲಿ ಪೇಂಟ್ ಬಕೆಟ್, ಮೇಲೆ ಹಲಗೆ ಪೆಟ್ಟಿಗೆ, ಅದಕ್ಕೊಂದು ಸೀಟು. ಹೋದ ಮೇಲೆ ನೀರು ಹಾಕೋ ಬದಲು ಎರಡು ಬೊಗಸೆ ಮರದ ಹೊಟ್ಟು ಹಾಕೋದು. ತೊಳೆದುಕೊಳ್ಳೋದು ಪಕ್ಕದ ಚಪ್ಪಡಿ ಮೇಲೆ, ಆ ನೀರು ಬಾಳೆ ಬುಡಕ್ಕೆ. ಉಚ್ಚೆ ಬೇರೆ ಡಬ್ಬಕ್ಕೆ. ನಾನೊಬ್ಬನೇ ಇದ್ದಾಗ ನಿಜವಾಗ್ಲೂ ವಾಸನೆ ಇರಲಿಲ್ಲ.

ದಸರಾ ರಜೆಗೆ ಅಕ್ಕ, ಭಾವ, ಇಬ್ಬರು ಮಕ್ಕಳು ಬಂದು ಮೂರು ದಿನ ಇದ್ದರು. ಉಚ್ಚೆ ಬಕೆಟ್ಟಿಗೆ ಬೀಳಬಾರದು ಅಂತ ನೂರು ಸಲ ಹೇಳಿದ್ದೆ. ಮಕ್ಕಳು ಕೇಳ್ತಾವಾ? ಭಾವನೂ ಕೇಳಲಿಲ್ಲ ಅಂತ ನನ್ನ ಅನುಮಾನ. ಎರಡು ಬಕೆಟ್ ತುಂಬಿದವು. ನಾಲ್ಕನೇ ದಿನ ಬೆಳಗ್ಗೆ ಮುಚ್ಚಳ ತೆಗೆದರೆ ಹೊಟ್ಟೆಲ್ಲ ನೆನೆದು ಅಂಬಲಿಯಾಗಿದೆ, ಅಮೋನಿಯಾ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಗದ್ದೆ ಕೆಲಸಕ್ಕೆ ಬರುವ ಹಿರಿಯರು, "ಬುಡಿ ಸಾ, ನಾ ಸುರುದು ಬತ್ತೀನಿ" ಅಂತ ಬಕೆಟ್ಟಿಗೆ ಕೈ ಹಾಕೇಬಿಟ್ಟರು. ಭಾವ ಜೇಬಿಂದ 200 ರೂಪಾಯಿ ತೆಗೆದರು. ಬೇಡ ಅಂದೆ, ಸ್ವಲ್ಪ ಜೋರಾಗೇ. ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. 2013ರಲ್ಲಿ ಕೇಂದ್ರದ ಕಾನೂನೂ ಬಂತು. ಈಗ ನಾನು ಪರಿಸರ, ಸಾವಯವ ಅಂತೆಲ್ಲ ಹೆಸರಿಟ್ಟು ಅದೇ ಬಕೆಟ್ಟನ್ನು ತಿರುಗಿ ಅವರ ಕೈಗೆ ಕೊಡೋದಾ? ಭಾವನಿಗೆ ಇದೆಲ್ಲ ಹೇಳಲಿಲ್ಲ. "ಒಂದು ನಾನು ಎತ್ತುತ್ತೀನಿ, ಇನ್ನೊಂದು ನೀವು" ಅಂದೆ.

ಒದ್ದೆ ಬಕೆಟ್ ಎಷ್ಟು ಭಾರ ಅಂತ ಆವತ್ತು ಗೊತ್ತಾಯ್ತು. ಹಿಡಿಯ ಕಂಬಿ ಬೆರಳು ಕೊಯ್ಯುತ್ತಿತ್ತು, ಒಳಗೆ ಗುಳು ಗುಳು ಸದ್ದು, ಬದುವಿನ ಮೇಲೆ ಜಾರಿದರೆ ಗತಿಯೇನು ಅನ್ನೋದೊಂದೇ ಯೋಚನೆ. ಬಾವಿಯಿಂದ ದೂರ, ದಿಬ್ಬದ ಮೇಲೆ ಬಿದಿರಿನ ತಟ್ಟಿ ಕಟ್ಟಿ ಗೊಬ್ಬರದ ರಾಶಿ ಮಾಡಿದ್ದೆ. ನಡುವೆ ಸಲಿಕೆಯಲ್ಲಿ ಬಗೆದು ಗುಳಿ ಮಾಡಿ, ಉಸಿರು ಬಿಗಿಹಿಡಿದು ಸುರಿದೆ. ಮೇಲೆ ತೆಂಗಿನ ನಾರಿನ ಪುಡಿ, ಅದರ ಮೇಲೆ ಒಂದು ಮೊಳ ಕಬ್ಬಿನ ತರಗು. ಬಕೆಟ್ ತೊಳೆದ ನೀರೂ ಅಲ್ಲಿಗೇ, ನಾಲೆಗಲ್ಲ. ನಾಯಿ ಕೆದಕದ ಹಾಗೆ ಜಾಲಿ ಮುಳ್ಳು. ಆಲೆಮನೆ ಬೂದಿ ಹಾಕಿ ಅಂತ ಹಿರಿಯರು ಹೇಳಿದರು. ಒಂದು ಹಿಡಿ ಹಾಕಿದೆ. ಜಾಸ್ತಿ ಆದರೆ ಕೊಳೆಯೋದೇ ನಿಂತುಬಿಡುತ್ತದೆ.

ಭಾವ ಎರಡನೇ ಬಕೆಟ್ಟನ್ನು ಮೈಗೆ ತಾಗದ ಹಾಗೆ ತೋಳು ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು ತಂದರು. ಅಕ್ಕ ವರಾಂಡದಲ್ಲಿ ನಿಂತು ನಗುತ್ತಿದ್ದಳು.

ಮುಂದಿನ ಶನಿವಾರ ಹೋಗಿ ರಾಶಿಗೆ ಕಬ್ಬಿಣದ ಸಲಾಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದೆ. ಹಿಡಿಯೋಕಾಗದಷ್ಟು ಬಿಸಿ! ವಾಸನೆ ಚೂರೂ ಇಲ್ಲ. ರಾಶಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣು ಸಾಯುತ್ತವೆ. ಆದರೆ ಅಂಚಿನಲ್ಲಿ ಅಷ್ಟು ಬಿಸಿ ಇರಲ್ಲ, ಜಂತುಹುಳದ ಮೊಟ್ಟೆ ಬೇರೆ ಬಹಳ ಗಟ್ಟಿ. ಅದಕ್ಕೆ ಆ ರಾಶಿಗೆ ಹೊಸದು ಹಾಕೋದು ನಿಲ್ಲಿಸಿ ಒಂದು ವರ್ಷ ಹಾಗೇ ಬಿಡೋದು. ಆಮೇಲೂ ಸೊಪ್ಪು ತರಕಾರಿಗಲ್ಲ, ತೆಂಗಿನ ಬುಡಕ್ಕೆ.

"ತೆಂಗಿಗಾ? ಎಳನೀರು ಯಾರ್ ಕುಡ್ಯೋರು ಸಾ?" ಅಂದರು ಹಿರಿಯರು.

ಭಾವ ಯುಗಾದಿಗೆ ಬರ್ತೀವಿ ಅಂದಿದ್ದರು. ಇನ್ನೂ ಬಂದಿಲ್ಲ.