ಕೂದಲೆಳೆಯಷ್ಟು ತಾಮ್ರ

ಕಳೆದ ದೀಪಾವಳಿಗೆ ಮುಂಚೆ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಸುಣ್ಣ-ಬಣ್ಣ ಆಯಿತು. ಪಡಸಾಲೆಯ ಸಾಮಾನೆಲ್ಲ ಅಂಗಳಕ್ಕೆ ಬಂತು. ಅದರ ಜೊತೆ ಅಪ್ಪನ ಆಂಪ್ಲಿಫೈಯರ್, ಎರಡು ಮರದ ಸ್ಪೀಕರ್ ಪೆಟ್ಟಿಗೆಗಳು. 1987ರಲ್ಲಿ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಿಂದ ತಂದಿದ್ದು. ಬಸ್ಸಿನಲ್ಲಿ ಒಂದು ಪೆಟ್ಟಿಗೆ ಅಪ್ಪನ ತೊಡೆಯ ಮೇಲೆ, ಇನ್ನೊಂದು ಅವ್ವನ ತೊಡೆಯ ಮೇಲೆ. ಅವತ್ತು ರಾತ್ರಿ ಮೊದಲು ಹಚ್ಚಿದ್ದು ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್. ಅಪ್ಪ ಈಗಿಲ್ಲ. ಅವ್ವ ಮಾತ್ರ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ಪೆಟ್ಟಿಗೆಗಳ ಎದುರು ಕೂತು ಗಂಗೂಬಾಯಿ ಹಾನಗಲ್ಲರ ಹಾಡು ಕೇಳುತ್ತಾಳೆ.

ಬಣ್ಣ ಒಣಗಿದ ಮೇಲೆ ಎಲ್ಲ ಮತ್ತೆ ಜೋಡಿಸಬೇಕಿತ್ತು. ರಾತ್ರಿ ಒಂಬತ್ತಾಗಿತ್ತು, ಮರುದಿನ ಶಾಲೆ ಇತ್ತು. "ಹಚ್ಚವ್ವಾ, ನಾಕ ದಿನ ಆತು ಏನೂ ಕೇಳಿಲ್ಲ" ಅಂದಳು ಅವ್ವ. ವೈರಿನ ತುದಿಗಳು ಕಪ್ಪಾಗಿದ್ದವು. ನಮ್ಮೂರಿನ ಮಳೆಗಾಲದ ತೇವಕ್ಕೆ ತಾಮ್ರ ಹಾಗಾಗುತ್ತದೆ. ಈಳಿಗೆಯಲ್ಲೇ ಸಿಪ್ಪೆ ಸುಲಿದೆ, ಎಳೆಗಳನ್ನು ಒಂದು ಸುತ್ತು ಹೊಸೆದೆ, ಆಂಪಿನ ಹಿಂದಿನ ತೂತುಗಳಿಗೆ ತುರುಕಿದೆ. ವೈರ್ ಸಿಕ್ಕಿಸುವ ಆ ಟರ್ಮಿನಲ್ಲುಗಳು, ಕೆಂಪು, ಕಪ್ಪು, ಅಕ್ಕಪಕ್ಕದಲ್ಲೇ ಇರುತ್ತವೆ, ನಡುವೆ ಅಬ್ಬಬ್ಬಾ ಅಂದರೆ ಒಂದು ಬೆರಳಿನ ಅಂತರ. ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ.

ಹಾಡು ಶುರುವಾಯಿತು. ಬಲಗಡೆ ದನಿ ಬಂತು, ಎಡಗಡೆ ಇಲ್ಲ. ಸಣ್ಣಗಿದೆಯೇನೋ ಅಂತ ವಾಲ್ಯೂಮ್ ಏರಿಸಿದೆ. ಅಷ್ಟೇ. ಸುಟ್ಟ ವಾಸನೆ ಬಂತು, ಫ್ಯೂಸ್ ಹೋಯಿತು.

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಹಳೇ ರೇಡಿಯೊ, ಆಂಪ್ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ವೈರ್ ಬಿಚ್ಚದೆ, ಮಧ್ಯದಲ್ಲಿ ಕತ್ತರಿಸಿ, ಹಾಗೇ ಒಯ್ದೆ. ಅವರು ಮುಚ್ಚಳ ತೆಗೆಯುವ ಮೊದಲೇ ಹಿಂದೆ ಟಾರ್ಚ್ ಬಿಟ್ಟರು. ಚಿಮಟದ ತುದಿಯಿಂದ ತೋರಿಸಿ, "ಇಲ್ಲಿ ನೋಡು ತಂಗಿ" ಅಂದರು. ಕೆಂಪು ಟರ್ಮಿನಲ್ಲಿನಿಂದ ಒಂದೇ ಒಂದು ಎಳೆ, ಕೂದಲಿನಷ್ಟು ದಪ್ಪ, ಹೊರಗೆ ಚಾಚಿ, ಬಾಗಿ, ಕಪ್ಪು ಟರ್ಮಿನಲ್ಲಿಗೆ ತಾಗಿತ್ತು. ತುದಿ ಸುಟ್ಟು ಕರ್ರಗಾಗಿತ್ತು. ಬರಿಗಣ್ಣಿಗೆ ಸುಲಭವಾಗಿ ಕಾಣುವಂಥದ್ದಲ್ಲ. ಒಳಗೆ ಹೀಟ್‌ಸಿಂಕಿನ, ಅಂದರೆ ಬಿಸಿ ಹೊರಹಾಕುವ ಲೋಹದ ತುಂಡಿನ, ಮೇಲಿದ್ದ ಎರಡು 2ಎನ್3055 ಟ್ರಾನ್ಸಿಸ್ಟರುಗಳು ಸತ್ತಿದ್ದವು. ಸ್ಪೀಕರಿಗೆ ಕರೆಂಟ್ ದೂಡುವ ಬಿಡಿಭಾಗಗಳು ಅವೇ.

ಕಾಕಾ ಹೇಳಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ. ಆಂಪ್ ಕರೆಂಟನ್ನು ಸ್ಪೀಕರಿನ ಸುರುಳಿಯ ಮೂಲಕ ದೂಡುತ್ತದೆ. ಆ ಸುರುಳಿ 8 ಓಮಿನಷ್ಟು ತಡೆ ಕೊಡುತ್ತದೆ (ಓಮ್ ಅಂದರೆ ತಡೆಯ ಅಳತೆ). ಕೆಂಪು-ಕಪ್ಪು ನೇರ ತಾಗಿದರೆ ತಡೆಯೇ ಇಲ್ಲ. ಕರೆಂಟೆಲ್ಲ ಅಲ್ಲೇ ನುಗ್ಗುತ್ತದೆ, ಟ್ರಾನ್ಸಿಸ್ಟರ್ ಕಾದು ಸುಡುತ್ತದೆ. ವಾಲ್ಯೂಮ್ ಕಡಿಮೆ ಇದ್ದಾಗ ಬಚಾವಾಗಬಹುದು, ಏರಿಸಿದರೆ ಮುಗೀತು. ಹಾಗಾಗಿ ಒಂದು ಕಡೆ ದನಿ ಬರದಿದ್ದರೆ ವಾಲ್ಯೂಮ್ ಮುಟ್ಟಲೇಬೇಡಿ. ಮೊದಲು ಆರಿಸಿ, ಆಮೇಲೆ ಹುಡುಕಿ.

ಇನ್ನೊಂದು ಮಾತು ಕೇಳಿ ನನಗೆ ಎದೆ ಝಲ್ಲೆಂದಿತು. ಫ್ಯೂಸ್ ಬದಲಿಸಿ, ಬಲಗಡೆಯ ಸ್ಪೀಕರನ್ನು ಎಡಕ್ಕೆ ಹಚ್ಚಿ ನೋಡೋಣ ಅಂತ ಆ ರಾತ್ರಿ ಯೋಚಿಸಿದ್ದೆ. ಅವ್ವ ಬೇಡ ಅಂದಿದ್ದಳು. ಸುಟ್ಟ ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆಗಿ ಕೂತಿರುತ್ತದಂತೆ. ಆಗ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್ ನೇರವಾಗಿ ಸ್ಪೀಕರಿಗೆ ಬರುತ್ತದೆ, ಪೆಟ್ಟಿಗೆಯೊಳಗೆ ಮಂದ್ರದ ದನಿ ಹೊರಡಿಸುವ ವೂಫರಿನ ಸುರುಳಿ ಸುಟ್ಟುಹೋಗುತ್ತದೆ. ಟ್ರಾನ್ಸಿಸ್ಟರ್ ಇವತ್ತಿಗೂ ಸಿಗುತ್ತದೆ. ಅಪ್ಪನ ಕಾಲದ ಆ ವೂಫರ್ ಎಲ್ಲಿಂದ ತರಲಿ?

"ಕರೆಂಟ್ ಕೊಡೂಕಿಂತ ಮೊದ್ಲ ಮೀಟರ್ ಹಚ್ಚು" ಅಂತ ಕಾಕಾ ಮೂರು ಸಲ ಹೇಳಿದರು. ಈ ತಡೆಯನ್ನು ಓಮಿನಲ್ಲಿ ಅಳೆಯುವ ಒಂದು ಮಲ್ಟಿಮೀಟರ್ ಕೊಂಡೆ. ಮನೆಯಲ್ಲಿ ಸ್ಪೀಕರ್ ಇದ್ದವರೆಲ್ಲ ಕೊಳ್ಳಬೇಕು ಅನ್ನುತ್ತೇನೆ. ವೈರನ್ನು ಮೊದಲು ಸ್ಪೀಕರಿಗೆ ಕಟ್ಟಿ, ಆಂಪಿಗೆ ಇನ್ನೂ ಸೇರಿಸದೆ, ಆ ಕಡೆಯ ಎರಡು ತುದಿಗಳ ಮೇಲೆ ಮೀಟರ್ ಇಡಿ. 8 ಓಮಿನ ಸ್ಪೀಕರ್ ಸುಮಾರು 6 ತೋರಿಸುತ್ತದೆ. ಮೀಟರ್ ಡಿಸಿಯಲ್ಲಿ ಅಳೆಯುವುದರಿಂದ ಕಡಿಮೆ ಕಾಣುತ್ತದೆ, ಹೆದರಬೇಡಿ. ಸೊನ್ನೆಗೆ ಇಳಿದರೆ ಎಲ್ಲೋ ತಾಗಿದೆ. ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಅರ್ಧ ನಿಮಿಷದ ಕೆಲಸ.

ಈಗ ಹಗಲಲ್ಲೇ ಜೋಡಿಸುತ್ತೇನೆ, ಗೋಡೆಯಿಂದ ಪ್ಲಗ್ ಕಿತ್ತು. ಕಪ್ಪಾದ ತುದಿ ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಒಂದು ಸೆಂಟಿಮೀಟರ್ ಮಾತ್ರ ಸುಲಿಯುತ್ತೇನೆ. ಜಾಸ್ತಿ ಸುಲಿದರೆ ಬರಿ ತಾಮ್ರ ಹೊರಗೆ ಉಳಿಯುತ್ತದೆ. ಸುಲಿಯಲು ಸ್ಟ್ರಿಪ್ಪರ್ ಬಳಸಿ. ಈಳಿಗೆ, ಬ್ಲೇಡು, ಹಲ್ಲು ಎಲ್ಲ ಎಳೆಗಳನ್ನು ಕಚ್ಚುತ್ತವೆ, ಕಚ್ಚಿದ ಎಳೆಯೇ ಮುರಿದು ಹೊರಗೆ ಬರುವುದು. ಹತ್ತಿಯ ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆಯಬೇಕು. ಅವ್ವನೇ ಹೊಸೆದುಕೊಡುತ್ತಾಳೆ, ಅವಳ ಬೆರಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಆ ತುದಿಗೆ ಬೆಸುಗೆಯ ಸೀಸ ಹಾಕಿ ಸ್ಕ್ರೂ ಕೆಳಗೆ ಬಿಗಿಯಬೇಡಿ, ದಿನ ಕಳೆದಂತೆ ಸೀಸ ಚಪ್ಪಟೆಯಾಗಿ ಸ್ಕ್ರೂ ಸಡಿಲಾಗುತ್ತದೆ. ಟರ್ಮಿನಲ್ ತಿರುಗಿಸಲು ಬೆರಳೇ ಸಾಕು. ಪಕ್ಕಡ್ ಹಾಕಿದರೆ ಹಳೆಯ ಪ್ಲಾಸ್ಟಿಕ್ ಸೀಳುತ್ತದೆ.

ಹಳೆಯ ದಾರದಂಥ ವೈರ್ ತೆಗೆದು ಒಂದೂವರೆ ಚದರ ಎಂಎಂ ತಾಮ್ರದ ವೈರ್ ಎಳೆದಿದ್ದೇನೆ. ದುಬಾರಿ ಬ್ರ್ಯಾಂಡ್ ಏನೂ ಬೇಕಿಲ್ಲ.

ಅಕ್ಕನ ಮಗ ಅಡುಗೆಮನೆಗೂ ಎರಡು ಸ್ಪೀಕರ್ ಅದೇ ಟರ್ಮಿನಲ್ಲಿಗೆ ಹಚ್ಚೋಣ ಅಂದ. 8 ಓಮಿನ ಎರಡು ಸ್ಪೀಕರ್ ಹಾಗೆ ಸೇರಿದರೆ ಆಂಪಿಗೆ 4 ಓಮ್ ಆಗುತ್ತದೆ. ಅಪ್ಪನ ಆಂಪಿನ ಹಿಂದೆ 8 ಓಮ್ ಅಂತ ಅಚ್ಚಾಗಿದೆ. ಅದಕ್ಕೇ ಬೇಡ ಅಂದೆ. ಅವನ ಹತ್ತಿರ ಈಗಿನ ಸಣ್ಣ ಡಿಜಿಟಲ್ ಆಂಪ್ ಇದೆ. ಅಂಥವುಗಳಲ್ಲಿ ವೈರ್ ಉಳಿಸಲು ಎರಡೂ ಕಡೆಯ ಕಪ್ಪುಗಳನ್ನು ಒಂದು ಮಾಡಬಾರದು. ಬಹಳಷ್ಟರಲ್ಲಿ ಕಪ್ಪು ಟರ್ಮಿನಲ್ ಅರ್ಥ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ.

ಹನ್ನೊಂದು ದಿನದ ಮೇಲೆ ಆಂಪ್ ಮನೆಗೆ ಬಂತು. ಎಲ್ಲ ಅಳೆದು ನೋಡಿ ಹಚ್ಚಿದೆ. ಎರಡೂ ಕಡೆ ದನಿ ಬಂತು, ಆದರೆ ಅವ್ವ ತಲೆ ಅಲ್ಲಾಡಿಸಿದಳು. "ಇದು ಅವರ ದನಿ ಅಲ್ಲ." ಗಂಗೂಬಾಯಿಯವರ ಆ ಗಟ್ಟಿ ಕಂಠ ತೆಳ್ಳಗಾಗಿತ್ತು, ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ. ಹೊಸ ವೈರಿನ ಜೋಡಿ ತಂತಿಗಳೆರಡೂ ಒಂದೇ ಬಣ್ಣ, ಒಂದರ ಮೇಲೆ ಮಾತ್ರ ಸಣ್ಣ ಗೆರೆ. ಒಂದು ಸ್ಪೀಕರಿಗೆ ಅದಲುಬದಲಾಗಿತ್ತು. ಇದರಿಂದ ಸ್ಪೀಕರ್ ಸುಡುವುದಿಲ್ಲ. ಒಂದರ ಕೋನ್, ಅಂದರೆ ಅದುರುವ ಪರದೆ, ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗಿ, ಮಂದ್ರದ ದನಿ ಒಂದನ್ನೊಂದು ಅಳಿಸಿಬಿಡುತ್ತದೆ. ಆಂಪಿನಿಂದ ವೈರ್ ಬಿಚ್ಚಿ, ಗೆರೆಯ ತುದಿಗೆ ಪೆನ್ಸಿಲ್ ಸೆಲ್ಲಿನ ಪ್ಲಸ್, ಇನ್ನೊಂದಕ್ಕೆ ಮೈನಸ್ ಒಂದು ಕ್ಷಣ ಮುಟ್ಟಿಸಿದೆ. ಎಡದ ವೂಫರ್ ಟಪ್ಪೆಂದು ಮುಂದೆ ಬಂತು, ಬಲದ್ದು ಒಳಗೆ ಹೋಯಿತು. ಬಲದ್ದನ್ನು ತಿರುಗಿಸಿ ಕಟ್ಟಿದೆ.

ಮತ್ತೆ ಹಚ್ಚಿದಾಗ ಅವ್ವ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆಯನ್ನೇ ನೋಡುತ್ತಿದ್ದಳು. "ಈಗ ನೋಡು, ಬಾಯಾರು ನಡುವ ಬಂದು ಕುಂತ್ರು" ಅಂದಳು.