ಖಾಲಿ ಪಿಕಪ್ಪು, ಅಪ್ಪನ ಸೊಂಟ

ಲೋಡ್ ಇದ್ದರೆ ನಮ್ಮ ಪಿಕಪ್ಪು ಬಲು ಮರ್ಯಾದಸ್ಥ. ಕಾಸರಗೋಡಿನ ಬದಿಯಡ್ಕದಿಂದ ಅಡಿಕೆ ತುಂಬಿಕೊಂಡು ಮಂಗಳೂರಿಗೆ ಹೊರಟರೆ ಅಪ್ಪ ಪಕ್ಕದಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಾರೆ. ಅಡಿಕೆ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಹೊರಟ ಮೇಲೆ ಮಾತೇ ಇಲ್ಲ. ಎರಡೂ ಕೈಯಲ್ಲಿ ಎದುರಿನ ಹಿಡಿ ಹಿಡಿದು ಬಾಯಿ ಬಿಗಿದು ಕೂತಿರುತ್ತಾರೆ.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಕುಂಬಳೆಯಲ್ಲಿ ಹೈವೇ ಬಿಟ್ಟು ಬದಿಯಡ್ಕದ ಕಡೆ ತಿರುಗಿ ಸ್ವಲ್ಪ ದೂರ ಬಂದಿದ್ದೆವು, ಒಂದು ಹಂಪ್ ನನಗೆ ಕಾಣಲಿಲ್ಲ. ಜೋರೇನೂ ಇರಲಿಲ್ಲ, ಮೂವತ್ತರಲ್ಲಿ ಇದ್ದೆ ಅಷ್ಟೆ. ಹಿಂದಿನ ಡೋರು ದಢ್ ಅಂತು, ಅಪ್ಪ ಸೀಟಿನಿಂದ ಒಂದು ಗೇಣು ಮೇಲೆ ಹೋಗಿ ಬಂದರು. ಸೊಂಟ ಹಿಡಿದುಕೊಂಡು ಹೇಳಿದರು: "ಇನ್ನು ನಾನು ಬಸ್ಸಿನಲ್ಲೇ ಬರ್ತೇನೆ ಮಾರಾಯ. ನಿನ್ನ ಗಾಡಿಯಲ್ಲಿ ಅಡಿಕೆ ಮಾತ್ರ ಹೋಗಲಿ."

ಖಾಲಿ ಗಾಡಿಯ ಈ ಕುಟ್ಟಾಟ ನಿಲ್ಲಿಸುವ ತಲೆನೋವು ಆವತ್ತಿಂದ ಶುರುವಾಯಿತು. ಮೂರು ತಿಂಗಳು ಹಿಡಿಯಿತು, ಅದರಲ್ಲಿ ಮೊದಲ ತಿಂಗಳು ಪೂರ್ತಿ ದಂಡ.

ದಂಡ ಯಾಕೆ ಅಂದರೆ, ಎಲ್ಲರ ಹಾಗೆ ನಾನೂ ಮೊದಲು ಕೈ ಹಾಕಿದ್ದು ಶಾಕ್ ಅಬ್ಸಾರ್ಬರ್‌ಗೆ. ಗಾಡಿ ಎತ್ತಿ ಹಾಕುತ್ತದೆ ಅಂದರೆ ಶಾಕ್ ಹೋಗಿದೆ ಅಂತಲೇ ನಮ್ಮ ಲೆಕ್ಕ, ಅಲ್ವಾ? ಹಿಂದಿನ ಎರಡಕ್ಕೂ ಗ್ಯಾಸ್ ತುಂಬಿದ 'ಹೆವಿ ಡ್ಯೂಟಿ' ಶಾಕ್ ತರಿಸಿ ಹಾಕಿಸಿದೆ. ಹಾಕಿಸಿದ ಮೇಲೆ ಗಾಡಿ ಇನ್ನೂ ಜಾಸ್ತಿ ಕುಟ್ಟತೊಡಗಿತು! ಈಗ ಕೂತು ಯೋಚಿಸಿದರೆ ನಗು ಬರುತ್ತದೆ. ಶಾಕ್ ಭಾರ ಹೊರುವ ಸಾಮಾನಲ್ಲ. ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಒಮ್ಮೆ ಕುಣಿಯಲು ಶುರು ಮಾಡಿದ ಮೇಲೆ ಆ ಕುಣಿತವನ್ನು ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ನನ್ನ ಗಾಡಿಯಲ್ಲಿ ಕುಣಿತವೇ ಇರಲಿಲ್ಲ, ಇದ್ದದ್ದು ಬರೀ ಪೆಟ್ಟು. ಅಲುಗಾಡದ ಸ್ಪ್ರಿಂಗಿಗೆ ಇನ್ನೂ ಬಿಗಿಯಾದ ಶಾಕ್ ಕಟ್ಟಿದರೆ ಇನ್ನೇನಾಗುತ್ತದೆ?

ದುಡ್ಡು ಹೋದ ಮೇಲೆ ಬುದ್ಧಿ ಬಂತು ಅನ್ನಿ. ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ಟಯರ್ ಗಾಳಿಯ ಪುಟ ನೋಡಿದೆ. ಹಿಂದಿನ ಟಯರಿಗೆ ಲೋಡ್ ಇದ್ದಾಗ ಒಂದು ಅಂಕಿ, ಖಾಲಿ ಇದ್ದಾಗ ಇನ್ನೊಂದು. ಎರಡಕ್ಕೂ ಹೆಚ್ಚುಕಡಿಮೆ ಇಪ್ಪತ್ತು ಪಿಎಸ್‌ಐ ವ್ಯತ್ಯಾಸ. ನಾನು ವರ್ಷವಿಡೀ ಲೋಡಿನ ಗಾಳಿಯಲ್ಲೇ ಓಡಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ಗಾಳಿ ಇಳಿಸಿದೆ. ಸಣ್ಣ ಸಣ್ಣ ಕಲ್ಲಿನ ಕಿರಿಕಿರಿ ಅಲ್ಲೇ ಅರ್ಧ ಕಡಿಮೆಯಾಯಿತು, ಖರ್ಚು ಸೊನ್ನೆ. ಆದರೆ ಒಂದು ಮಾತು. ಲೋಡ್ ಹಾಕುವ ಮೊದಲು ಮತ್ತೆ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ಒಂದೂವರೆ ಟನ್ ಹೇರಿದರೆ ಟಯರಿನ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗಿ ಸಿಡಿಯುತ್ತದೆ. ನಾನೀಗ ಒಂದು ಸಣ್ಣ ಕಂಪ್ರೆಸರ್ ಸೀಟಿನ ಹಿಂದೆ ಇಟ್ಟುಕೊಂಡಿದ್ದೇನೆ. ಸೋಮಾರಿಗಳಿಗೆ ಈ ಉಪಾಯ ಬೇಡ.

ಹಂಪಿನ ಪೆಟ್ಟು ಮಾತ್ರ ಹಾಗೇ ಇತ್ತು. ಕೊನೆಗೆ ನಮ್ಮ ಕಡೆಯ ಒಂದು ಹಳೇ ಗರಾಜಿಗೆ ಹೋದೆ. ಅಲ್ಲಿನ ಅಣ್ಣ ತುಳು, ಮಲಯಾಳ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಮಾತಾಡುವವರು. ಗಾಡಿ ಓಡಿಸಿಯೂ ನೋಡಲಿಲ್ಲ. "ಬನ್ನಿ, ಹಿಂದಿನ ಬಂಪರ್ ಮೇಲೆ ನಿಲ್ಲಿ" ಅಂದರು. ನಿಂತೆ. ಅವರೂ ಹತ್ತಿದರು. ಇಬ್ಬರೂ ಸೇರಿ ಕುಪ್ಪಳಿಸಿದೆವು, ನೂರೈವತ್ತು ಕೆಜಿಗೆ ಮೋಸವಿಲ್ಲ. ಗಾಡಿ ಒಂದು ಬೆರಳೂ ಇಳಿಯಲಿಲ್ಲ. ಟಯರ್ ಮಾತ್ರ ಸ್ವಲ್ಪ ಚಪ್ಪಟೆಯಾಗಿ ಎದ್ದಿತು. "ನೋಡಿದಿರಾ? ನಿಮ್ಮ ಗಾಡಿಗೆ ಸ್ಪ್ರಿಂಗೇ ಇಲ್ಲ. ಟಯರ್ ಮೇಲೆ ಓಡ್ತಾ ಉಂಟು."

ಅಡಿಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಅರ್ಥವಾಯಿತು. ಪ್ಲೇಟ್ ಪ್ಲೇಟ್ ಜೋಡಿಸಿದ ಲೀಫ್ ಸ್ಪ್ರಿಂಗ್ ಅದು. ಒಂದು ಪ್ಲೇಟಿನ ಮೇಲೆ ಇನ್ನೊಂದು ಜಾರಿದರೆ ಮಾತ್ರ ಸ್ಪ್ರಿಂಗ್ ಬಾಗುತ್ತದೆ. ನನ್ನ ಗಾಡಿಯಲ್ಲಿ ಪ್ಲೇಟುಗಳ ನಡುವೆ ತುಕ್ಕು ಹೊಪ್ಪಳೆ ಹೊಪ್ಪಳೆಯಾಗಿ ಕೂತಿತ್ತು, ಅದರ ಮೇಲೆ ಕೆಂಪು ಮಣ್ಣು ಗಾರೆ ಹಾಕಿದ ಹಾಗೆ ಗಟ್ಟಿಯಾಗಿತ್ತು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಪಶ್ಚಿಮಕ್ಕೆ ಸಮುದ್ರ, ಮನೆಯಿಂದ ರಸ್ತೆಗೆ ಬರುವ ತನಕ ಮುರಕಲ್ಲಿನ ಮಣ್ಣು. ನಾಲ್ಕು ಮಳೆಗಾಲ ಕಳೆದ ಮೇಲೆ ಏಳು ಪ್ಲೇಟು ಸೇರಿ ಒಂದೇ ಕಬ್ಬಿಣದ ತೊಲೆ ಆಗಿದೆ ಅಷ್ಟೆ. ಪ್ಲೇಟಿನ ತುದಿಗಳಲ್ಲಿ ಉಜ್ಜದಿರಲಿ ಅಂತ ಇಡುವ ಪ್ಯಾಡುಗಳು ಸವೆದು ಹೋಗಿ ಯಾವ ಕಾಲವಾಗಿತ್ತೋ.

ಅದಕ್ಕೇ ಲೋಡ್ ಇದ್ದಾಗ ಪರವಾಗಿಲ್ಲ ಅನ್ನಿಸುತ್ತಿದ್ದದ್ದು. ಅಷ್ಟು ಭಾರ ಬಿದ್ದಾಗ ತುಕ್ಕಿನ ಹಿಡಿತ ಬಿಟ್ಟು 'ಕರ್ರ್' ಅಂತ ಜಾರುತ್ತಿತ್ತು. ಖಾಲಿ ಇದ್ದಾಗ ಜಾರಲು ಬೇಕಾದ ಬಲವೇ ಬರುತ್ತಿರಲಿಲ್ಲ. ಆಮೇಲೆ ನೆನಪಾಯಿತು, ಅಡಿಕೆ ಇಳಿಸಿದ ಮೇಲೆಯೂ ಗಾಡಿಯ ಹಿಂಭಾಗ ಎರಡು ಸೆಂಟಿಮೀಟರ್ ಕೆಳಗೇ ನಿಂತಿರುತ್ತಿತ್ತು. ಒಂದೆರಡು ಹೊಂಡ ಹಾರಿಸಿದ ಮೇಲೆ ಮೇಲೆ ಬರುತ್ತಿತ್ತು. ಕಣ್ಣೆದುರೇ ಇದ್ದ ಲಕ್ಷಣ, ನನಗೆ ಹೊಳೆದಿರಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಪ್ಲೇಟುಗಳ ಕಟ್ಟನ್ನು ಕ್ಲಾಂಪಿನಲ್ಲಿ ಹಿಡಿದು ಸೆಂಟರ್ ಬೋಲ್ಟ್ ನಿಧಾನಕ್ಕೆ ಬಿಚ್ಚಿದರು. ಇದನ್ನು ಮನೆಯಲ್ಲಿ ಸುಮ್ನೆ ಪ್ರಯತ್ನಿಸಬೇಡಿ, ಪ್ಲೇಟುಗಳು ಬಿಗಿಯಲ್ಲಿ ಇರುತ್ತವೆ, ಬೋಲ್ಟ್ ಬಿಟ್ಟರೆ ಮುಖಕ್ಕೆ ಹಾರುತ್ತವೆ. ಒಂದೊಂದನ್ನೂ ವಯರ್ ಬ್ರಶ್ಶಿನಲ್ಲಿ ತಿಕ್ಕಿದಾಗ ಬಿದ್ದ ತುಕ್ಕನ್ನು ಗುಡಿಸಿದರೆ ಅರ್ಧ ಗೆರಟೆ ತುಂಬಿತು. ಬಿರುಕು ಇದೆಯಾ ಅಂತ ಪ್ರತಿ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. ಒಂದರಲ್ಲಿ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಕೂದಲಿನಷ್ಟು ತೆಳ್ಳಗಿನ ಗೆರೆ. ಅದನ್ನು ಬದಲಾಯಿಸಿದೆವು. ಜೋಡಿಸುವಾಗ ನಾನು ಗ್ರೀಸ್ ಡಬ್ಬ ತೆಗೆದುಕೊಂಡು ಹೋದರೆ ಅಣ್ಣ ನನ್ನನ್ನೇ ಗದರಿದರು. ಸಾದಾ ಗ್ರೀಸ್ ಬಳಿದರೆ ಒಂದು ವಾರ ಹಾಯಾಗಿರುತ್ತದೆ, ಆಮೇಲೆ ಅದೇ ಗ್ರೀಸಿಗೆ ಮಣ್ಣು ಮರಳು ಅಂಟಿ ಅರೆಯುವ ಕಲ್ಲಾಗುತ್ತದೆ ಅಂತ. ತೆಳ್ಳಗೆ ಗ್ರಾಫೈಟ್ ಹಚ್ಚಿ ಒಣಗಿಸಿ, ತುದಿಗಳಿಗೆ ಹೊಸ ಪ್ಯಾಡ್ ಇಟ್ಟರು.

ಇನ್ನೊಂದು ಸಂಗತಿಯನ್ನು ಅಲ್ಲೇ ಕಲಿತೆ, ಇದು ಹಲವು ಗರಾಜುಗಳಲ್ಲಿ ಮಾಡದ ಕೆಲಸ. ಸ್ಪ್ರಿಂಗಿನ ತುದಿಯ ಕಣ್ಣಿನಲ್ಲೂ, ಆ ತುದಿಯನ್ನು ಗಾಡಿಗೆ ತೂಗುಹಾಕುವ ಶ್ಯಾಕಲ್‌ನಲ್ಲೂ ರಬ್ಬರ್ ಬುಷ್ ಇರುತ್ತದಲ್ಲ, ಅದನ್ನು ಹೊಸದು ಹಾಕಿದರು. ಆದರೆ ಬೋಲ್ಟ್ ಪೂರ್ತಿ ಬಿಗಿಯಲಿಲ್ಲ. ಗಾಡಿಯನ್ನು ಜಾಕಿನಿಂದ ಇಳಿಸಿ, ನಾಲ್ಕೂ ಚಕ್ರ ನೆಲಕ್ಕೆ ತಾಗಿ ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಬಂದ ಮೇಲೆಯೇ ಅಡಿಗೆ ನುಗ್ಗಿ ಬಿಗಿದರು. ಕಾರಣ ಸರಳ. ಬುಷ್‌ನ ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತದೆ. ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ, ನೆಲಕ್ಕೆ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಗಾಡಿ ಗಡುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ (ಎಡ ಬಲ ಚಕ್ರ ಜೋಡಿಸುವ ಅಡ್ಡ ತೊಲೆಗೆ) ಕಟ್ಟುವ ಯು-ಬೋಲ್ಟ್‌ಗಳನ್ನು ಹೊಸದೇ ಹಾಕಿಸಿದೆ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬಿಗಿಸಿಕೊಂಡು ಬಂದೆ.

ಮಧ್ಯೆ ಪುಕ್ಕಟೆ ಸಲಹೆಗಳಿಗೆ ಬರವೇ? "ಒಂದೆರಡು ಪ್ಲೇಟ್ ತೆಗೆದುಬಿಡಿ, ಕಾರಿನ ಹಾಗೆ ಹೋಗ್ತದೆ" ಅಂದವರು ಕಡಿಮೆ ಎಂದರೆ ಐದು ಜನ. ಖಾಲಿ ಇದ್ದಾಗ ಹೋಗುತ್ತದೆ, ನಿಜ. ಆದರೆ ಸೀಸನ್ನಿನಲ್ಲಿ ಲೋಡ್ ಹಾಕಿದಾಗ ಉಳಿದ ಪ್ಲೇಟುಗಳೇ ಆ ಭಾರವನ್ನೂ ಹೊರಬೇಕು. ಸ್ಪ್ರಿಂಗ್ ಪೂರ್ತಿ ಕುಸಿದು ಆಕ್ಸಲ್ ಹೋಗಿ ಬಂಪ್ ಸ್ಟಾಪರ್ ಎಂಬ ರಬ್ಬರ್ ತಡೆಗೆ ಬಡಿಯುತ್ತದೆ, ಆ ಪೆಟ್ಟು ಈಗಿನದಕ್ಕಿಂತ ಕೆಟ್ಟದು. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚದಂತೆ ಹಿಡಿಯುವುದೂ ಅದೇ ಪ್ಲೇಟುಗಳು. ಹಾಲಿನ ಗಾಡಿಯವರು, ಬರೀ ಐದಾರು ಕ್ವಿಂಟಾಲ್ ಸಾಗಿಸುವವರು ಏನಾದರೂ ಮಾಡಿಕೊಳ್ಳಲಿ, ನನಗಂತೂ ಬೇಡ.

ಇನ್ನೊಬ್ಬ ಗೆಳೆಯ ಅಮೆರಿಕದ ವಿಡಿಯೋಗಳನ್ನು ಕಳಿಸಿ ತಲೆ ತಿಂದ. ಅಲ್ಲಿನ ದೊಡ್ಡ ಪಿಕಪ್ಪುಗಳಿಗೂ ಇದೇ ರೋಗವಂತೆ. ರಾಮ್ 2500ಕ್ಕೆ 2014ರ ಮಾಡೆಲ್‌ನಿಂದ ಹಿಂದಿನ ಚಕ್ರಗಳಿಗೂ ಕಾಯಿಲ್ (ಸುರುಳಿ) ಸ್ಪ್ರಿಂಗ್ ಕೊಟ್ಟದ್ದು ಖಾಲಿ ಗಾಡಿಯ ಈ ಕುಟ್ಟಾಟ ಕಡಿಮೆಯಾಗಲಿ ಅಂತಲೂ ಹೌದು, ಫೋರ್ಡ್ ಎಫ್-250 ಮಾತ್ರ ಲೀಫನ್ನು ಬಿಟ್ಟಿಲ್ಲ. ಅಲ್ಲಿಯವರು ಲೀಫಿನ ಜೊತೆಗೆ ಏರ್ ಬ್ಯಾಗ್ (ಗಾಳಿ ತುಂಬುವ ರಬ್ಬರ್ ಸ್ಪ್ರಿಂಗ್) ಹಾಕಿಸುತ್ತಾರೆ, ನೀನೂ ಹಾಕಿಸು ಅಂದ. ಅದು ಲೋಡ್ ಹೊರಲು ಸಹಾಯ ಮಾಡುವ ಸಾಮಾನು. ಇರುವ ಲೀಫಿನ ಪಕ್ಕದಲ್ಲಿ ಇನ್ನೊಂದು ಸ್ಪ್ರಿಂಗ್ ಕೂರಿಸಿದರೆ ಗಡಸುತನ ಕೂಡುತ್ತದೆಯೇ ಹೊರತು ಕಳೆಯುವುದಿಲ್ಲ.

ರಿಪೇರಿ ಆದ ಮೇಲೆ ನನ್ನೊಳಗಿನ ಹಳೇ ಡಿಪ್ಲೊಮಾ ವಿದ್ಯಾರ್ಥಿ ಎದ್ದ. ವೇಬ್ರಿಡ್ಜಿನಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿದೆ, 700 ಕೆಜಿ. ಆಕ್ಸಲ್, ಚಕ್ರದ ಭಾರ ಕಳೆದರೆ ಸ್ಪ್ರಿಂಗ್ ಮೇಲೆ ಅಂದಾಜು 500. ಆಮೇಲೆ 65 ಕೆಜಿಯ ಹದಿನೈದು ಗೋಣಿ ಹಾಕಿ ಟೇಪ್ ಹಿಡಿದರೆ ಹಿಂಭಾಗ 7 ಸೆಂಟಿಮೀಟರ್ ಇಳಿದಿತ್ತು. ಅಂದರೆ ಸೆಂಟಿಮೀಟರಿಗೆ 140 ಕೆಜಿ ಹತ್ತಿರ. ಒಂದು ಸುಲಭದ ಸೂತ್ರ ಇದೆ: ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಸಿದಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ, ಸೆಕೆಂಡಿಗೆ ಗಾಡಿ ಎಷ್ಟು ಸಲ ಕುಣಿಯುತ್ತದೆ ಅಂತ ಸಿಗುತ್ತದೆ. ಖಾಲಿ ಗಾಡಿಗೆ (500 ಕೆಜಿಗೆ ಸುಮಾರು 3.6 ಸೆಂಟಿಮೀಟರ್ ಕುಸಿತ) 2.6 ಬಂತು, ಹದಿನೈದು ಗೋಣಿಗೆ (ಸುಮಾರು 10.5 ಸೆಂಟಿಮೀಟರ್) 1.5. ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಒಳಗೆ ಇರುತ್ತವೆ. ಕೂತ ಮನುಷ್ಯನಿಗೆ ಅತಿ ಹೆಚ್ಚು ಹಿಂಸೆ ಕೊಡುವ ಮೇಲೆ-ಕೆಳಗಿನ ಅದುರು ಸೆಕೆಂಡಿಗೆ 4ರಿಂದ 8, ಖಾಲಿ ಗಾಡಿ ಅದರ ಕಡೆಗೇ ವಾಲುತ್ತದೆ. ಅಡಿಕೆ ಹೇರಿದಾಗ ಅಪ್ಪ ಯಾಕೆ ಊರ ಸುದ್ದಿ ಹೇಳುತ್ತಾರೆ ಅಂತ ಕೊನೆಗೂ ಲೆಕ್ಕ ಸಿಕ್ಕಿತು.

ಹಾಗಿದ್ದರೆ ಖಾಲಿ ಬರುವುದೇ ಯಾಕೆ? ಈಗ ಮಂಗಳೂರಿನಿಂದ ಬರುವಾಗ ಏನಾದರೂ ಹಾಕಿಕೊಂಡೇ ಬರುತ್ತೇನೆ. ಹಿಂಡಿ, ಗೊಬ್ಬರ, ನೆರೆಯವರ ಸಿಮೆಂಟು. ಏನೂ ಇಲ್ಲದಿದ್ದರೆ ಮರಳಿನ ನಾಲ್ಕು ಚೀಲ ಆಕ್ಸಲ್‌ನ ನೇರಕ್ಕೆ ಇಟ್ಟು ಹಗ್ಗ ಹಾಕಿ ಬಿಗಿಯುತ್ತೇನೆ, ಇನ್ನೂರು ಕೆಜಿ ಆಗುತ್ತದೆ. ಕಟ್ಟದೆ ಬಿಟ್ಟರೆ ಬ್ರೇಕ್ ಹಾಕಿದಾಗ ಮುಂದೆ ಬರುತ್ತದೆ, ಹುಷಾರು. ಡೀಸೆಲ್ ಒಂಚೂರು ಜಾಸ್ತಿ ಕುಡಿಯುತ್ತದೆ, ಕುಡಿಯಲಿ.

ಆ ಗ್ಯಾಸ್ ಶಾಕ್‌ಗಳನ್ನು ಬಿಚ್ಚಿಸಿ ಕಂಪನಿಯ ಸಾದಾ ಶಾಕ್‌ಗಳನ್ನೇ ಹೊಸದು ಹಾಕಿಸಿದೆ. ಸೀಟಿನ ಫೋಮ್ ಬದಲಾಯಿಸಿದ್ದು ಕೊನೆಗೆ, ಅದು ಅಮ್ಮನ ಸಲಹೆ, ಅದೇ ಎಲ್ಲಕ್ಕಿಂತ ಅಗ್ಗ.

ಮೊನ್ನೆ ಶನಿವಾರ ಅಪ್ಪ ಬಸ್ಸಿನ ಹಟ ಬಿಟ್ಟು ಬಂದರು. ವಾಪಸ್ ಬರುವಾಗ ತಲಪಾಡಿ ದಾಟಿದೆವು, ಉಪ್ಪಳ ದಾಟಿದೆವು, ಕೈ ಹಿಡಿಯ ಮೇಲೆ ಇರಲಿಲ್ಲ. ಕುಂಬಳೆಯಲ್ಲಿ ತಿರುಗಿ ಆ ಹಂಪ್ ಬಂದಾಗ ಮಾತ್ರ ಅಭ್ಯಾಸಬಲದಿಂದ ಹಿಡಿದರು. ಗಾಡಿ ಹತ್ತಿತು, ಇಳಿಯಿತು. ಅಪ್ಪ ಕೈ ಬಿಟ್ಟು ಎಲೆಗೆ ಸುಣ್ಣ ಹಚ್ಚುತ್ತಾ, "ಎದುರು ಎಡಗಡೆ ಎಂತದೋ ಟಕ್ ಟಕ್ ಹೇಳ್ತದಲ್ಲಾ, ಅದೆಂತ?" ಅಂದರು.

ನನಗೂ ಕೇಳಿಸಿತ್ತು. ಮುಂದಿನ ಶ್ಯಾಕಲ್ ಬುಷ್ ಇರಬೇಕು. ಭಾನುವಾರ ಮಳೆ ಬಾರದಿದ್ದರೆ ಗಾಡಿ ಅಡಿಗೆ ಮಲಗಿ ನೋಡಬೇಕು.