ಅಕ್ಕಸಾಲಿ ಮುತ್ತಜ್ಜನ ಹೆಸರು ಬೆಳ್ಳಿಯ ಮೇಲೆ ಸಿಗುತ್ತದೆಯೇ?

ನಮ್ಮ ಮನೆತನದವರು ಬೆಳ್ಳಿ ಕೆಲಸ ಮಾಡುತ್ತಿದ್ದವರೆಂದೂ, ಅವರ ಹಿಂದಿನ ತಲೆಮಾರುಗಳನ್ನು ನಾನು ಹುಡುಕುತ್ತಿರುವೆನೆಂದೂ ತಿಳಿದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: "ನಮ್ಮ ಹಿರಿಯರೂ ಅಕ್ಕಸಾಲಿಗರೇ. ಮನೆಯಲ್ಲಿ ಹಳೆಯದೊಂದು ಬೆಳ್ಳಿ ತಟ್ಟೆ ಇದೆ, ಅದರ ಅಡಿಯಲ್ಲಿ ಏನೋ ಅಕ್ಷರಗಳಿವೆ. ಅದನ್ನು ಹಿಡಿದುಕೊಂಡು ಮುತ್ತಜ್ಜನನ್ನು ಪತ್ತೆಹಚ್ಚಬಹುದೇ?" ಬಹುಮಟ್ಟಿಗೆ ಸಾಧ್ಯವಿಲ್ಲ ಎಂಬುದು ನನ್ನ ಉತ್ತರ. ಆ ಅಕ್ಷರಗಳು ಸಾಮಾನ್ಯವಾಗಿ ತಟ್ಟೆ ಮಾಡಿಸಿದವರ ಹೆಸರಿನವು, ಇಲ್ಲವೇ ಮದುವೆಯಲ್ಲಿ ಉಡುಗೊರೆ ಕೊಟ್ಟವರವು.

ಈ ನಿರೀಕ್ಷೆ ಹುಟ್ಟುವುದಕ್ಕೆ ಕಾರಣವಿದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಇಂಗ್ಲೆಂಡಿನ ಪರಿಸ್ಥಿತಿಯನ್ನು ಕುರಿತವು. ಅಲ್ಲಿ 1363ರ ಕಾನೂನು ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನದೇ ಗುರುತನ್ನು ಒತ್ತಬೇಕೆಂದು ವಿಧಿಸಿತು, 1478ರಿಂದ ವರ್ಷವನ್ನು ಸೂಚಿಸುವ ಅಕ್ಷರವೂ ಸೇರಿತು, ಹೀಗಾಗಿ ಒಂದು ಚಮಚದ ಹಿಡಿಯನ್ನು ನೋಡಿ ಅದನ್ನು ಮಾಡಿದವನನ್ನೂ ಮಾಡಿದ ವರ್ಷವನ್ನೂ ಹೇಳುವುದು ಅಲ್ಲಿನವರಿಗೆ ಸಾಧ್ಯ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ ಬೆಳ್ಳಿಗೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಕೊಡಲು ಆರಂಭಿಸಿದ್ದೇ 2005ರಲ್ಲಿ. ಅದಕ್ಕೆ ಮೊದಲು ಹೆಸರೊತ್ತಿದವರು ಕೆಲವರೇ. ಕಛ್‌ನ ಓಮರ್ಸಿ ಮಾವಜಿ ತನ್ನ ಕೆಲಸದ ಮೇಲೆ 'ಓ. ಎಂ.' ಎಂಬ ಇಂಗ್ಲಿಷ್ ಮೊದಲಕ್ಷರಗಳನ್ನು ಒತ್ತುತ್ತಿದ್ದ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ವಸ್ತುಗಳ ಮೇಲೆ ಅಂಗಡಿಯ ಹೆಸರಿದೆಯೇ ಹೊರತು, ಅವುಗಳ ಮೇಲೆ ದೇವತೆಗಳ ಸಾಲನ್ನು ಉಬ್ಬುಚಿತ್ರವಾಗಿ ಮೂಡಿಸಿದ ಕೈಗಳ ಹೆಸರಿಲ್ಲ. ಸಾಲದ್ದಕ್ಕೆ, ಬೆಳ್ಳಿ ಮರಳಿ ಮರಳಿ ಮೂಸೆಗೆ ಹೋಗುವ ಲೋಹ. ಗಿರಾಕಿ ತಂದುಕೊಟ್ಟ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ, ಒಂದು ತೊಲ ಎಂದರೆ 11.66 ಗ್ರಾಂ ತೂಗುವ ರೂಪಾಯಿ ನಾಣ್ಯಗಳನ್ನೇ ಕರಗಿಸಿ ಕಾಲ್ಗೆಜ್ಜೆ ಮಾಡುವುದು, ಮುಂದಿನ ತಲೆಮಾರು ಆ ಗೆಜ್ಜೆಯನ್ನೇ ಕರಗಿಸಿ ಕುಂಕುಮದ ಭರಣಿ ಮಾಡಿಸುವುದು ಸಾಮಾನ್ಯವಾಗಿತ್ತು.

ದೇವಸ್ಥಾನದ ಬೆಳ್ಳಿಯೂ ಇದೇ ಕಥೆ ಹೇಳುತ್ತದೆ. ಮೇಲುಕೋಟೆ, ನಂಜನಗೂಡುಗಳ ಬೆಳ್ಳಿ ಪಾತ್ರೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಬರಹಗಳಿವೆ, ಆದರೆ ಅವು ಕೊಟ್ಟವರನ್ನು ಕುರಿತವು. ಇದಕ್ಕೆ ವಿರುದ್ಧವಾಗಿ ವಿಜಯನಗರದ ತಾಮ್ರಶಾಸನಗಳ ಕೊನೆಯನ್ನು ಓದಿದರೆ, ಕೃಷ್ಣದೇವರಾಯನ ಶಾಸನಗಳನ್ನು ಕೆತ್ತಿದವನು ಮಲ್ಲಣನ ಮಗ ವೀರಣಾಚಾರ್ಯ ಎಂದು ತಂದೆಯ ಹೆಸರಿನೊಡನೆ ಸ್ಪಷ್ಟವಾಗಿ ಬರೆದಿರುವುದು ಕಾಣುತ್ತದೆ. ಅಂಥ ದಾನಗಳಲ್ಲಿ ಕೆಲವೊಮ್ಮೆ ಕೆತ್ತಿದವನಿಗೂ ಒಂದು ಪಾಲು ಭೂಮಿ ಸಲ್ಲುತ್ತಿತ್ತು. ನನ್ನ ಹುಡುಕಾಟಕ್ಕೆಲ್ಲ ದಾರಿ ತೋರಿದ್ದು ಈ ವ್ಯತ್ಯಾಸವೇ: ಕುಶಲತೆಗಾಗಿ ಹೆಸರು ಬರೆದಿಟ್ಟವರು ವಿರಳ, ಹಕ್ಕು ಉಳಿಸಿಕೊಳ್ಳಲು ಬರೆದಿಟ್ಟರು. ಆದ್ದರಿಂದ ಮುತ್ತಜ್ಜನಿಗೆ ಯಾವುದರಲ್ಲಿ ಪಾಲಿತ್ತು ಎಂದು ಮೊದಲು ಕೇಳಿಕೊಳ್ಳಬೇಕು.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಅಕ್ಕಸಾಲಿಯೂ ಹನ್ನೆರಡು ಮಂದಿ ಆಯಗಾರರಲ್ಲಿ, ಅಂದರೆ ಊರಿನ ಸೇವೆಗೆ ಪ್ರತಿಯಾಗಿ ಬೆಳೆಯ ಪಾಲು ಪಡೆಯುವವರಲ್ಲಿ, ಒಬ್ಬನಾಗಿದ್ದ. ಒಡವೆಯ ಕೆಲಸವಲ್ಲದೆ ಕಂದಾಯಕ್ಕೆ ಬಂದ ನಾಣ್ಯಗಳ ಪರೀಕ್ಷೆಯೂ ಅವನದಾಗಿತ್ತು. ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಆಯ, ಕೆಲವೆಡೆ ಇನಾಂ ಜಮೀನು, ಅಂದರೆ ಸೇವೆಗಾಗಿ ಬಿಟ್ಟುಕೊಟ್ಟ ಭೂಮಿ, ದೊರೆಯುತ್ತಿತ್ತು. ಕಣದ ಆಯಕ್ಕೆ ಕಾಗದವಿಲ್ಲ, ಜಮೀನಿಗೆ ಇದೆ. ಮೈಸೂರಿನಲ್ಲಿ ಕಂದಾಯ ಸರ್ವೆ ಇಲಾಖೆ 1863ರಲ್ಲಿ ಆರಂಭವಾಯಿತು, ಧಾರವಾಡದ ಕಡೆ ಸರ್ವೆ ಅದಕ್ಕೂ ಹಿಂದೆ, 1840ರ ದಶಕದಲ್ಲೇ ನಡೆದಿತ್ತು. ಇನ್ನೂ ಹೆಚ್ಚು ಉಪಯುಕ್ತವಾದುದು 1954ರ ಮೈಸೂರು ವೈಯಕ್ತಿಕ ಮತ್ತು ಸಂಕೀರ್ಣ ಇನಾಂ ರದ್ದತಿ ಕಾಯಿದೆಯ ಕಡತಗಳು, ಏಕೆಂದರೆ ತನ್ನ ಹೆಸರಿಗೆ ಜಮೀನು ಬೇಕೆಂದು ಅರ್ಜಿ ಹಾಕಿದವನು ಅದು ಯಾರಿಂದ ಯಾರಿಗೆ ಬಂತೆಂಬುದನ್ನು ಹೇಳಬೇಕಾಗುತ್ತಿತ್ತು, ದಾಯಾದಿಗಳ ತಕರಾರಿದ್ದರಂತೂ ವಂಶವೃಕ್ಷವೇ ಕಡತದಲ್ಲಿ ಕೂತಿರುತ್ತದೆ. ವಂಶಾವಳಿ ಹುಡುಕುವವನಿಗೆ ಜಗಳವಾಡಿದ ಕುಟುಂಬಕ್ಕಿಂತ ಒಳ್ಳೆಯ ಕುಟುಂಬವಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಮುತ್ತಜ್ಜನ ಹೆಸರು ಹೇಳಿ ಕೇಳಿದರೆ ಪ್ರಯೋಜನವಿಲ್ಲ. ಊರು ಮತ್ತು ಸರ್ವೆ ನಂಬರು ಹಿಡಿದುಕೊಂಡು, ಕೈಬರಹದ ಪಹಣಿಯಿಂದ ಜಮೀನಿನ ಹಕ್ಕು ಬದಲಾದುದನ್ನು ಬರೆಯುವ ಮ್ಯುಟೇಶನ್ ರಿಜಿಸ್ಟರಿಗೆ, ಅಲ್ಲಿಂದ ಹಿಂದಕ್ಕೆ ಹೋಗಬೇಕು. ಜನಗಣತಿಯ ಮನೆವಾರು ಹಾಳೆಗಳನ್ನು ನೆಚ್ಚುವಂತಿಲ್ಲ, 1948ರ ಕಾಯಿದೆಯ ಪ್ರಕಾರ ಅವು ಸಾರ್ವಜನಿಕರ ಪರಿಶೀಲನೆಗೆ ತೆರೆದಿಲ್ಲ.

ಕರಾವಳಿಯ ಕೊಂಕಣಿ ಅಕ್ಕಸಾಲಿಗ ಸಮುದಾಯವಾದ ದೈವಜ್ಞರ ವಿಷಯ ಬೇರೆ. ಅವರಲ್ಲಿ ಅನೇಕ ಮನೆತನಗಳ ಅಡ್ಡಹೆಸರಿನಲ್ಲೇ ಗೋವೆಯ ಊರಿದೆ: ವೆರ್ಣೇಕರ್ ಎಂದರೆ ವೆರ್ಣೆಯವರು, ರಾಯ್ಕರ್ ಎಂದರೆ ರಾಯ್ ಗ್ರಾಮದವರು. ಆದರೆ ಒಂದೇ ಊರಿನಿಂದ ಬಂದ ಬೇರೆ ಬೇರೆ ಸಮುದಾಯದವರೂ ಅದೇ ಅಡ್ಡಹೆಸರು ಇಟ್ಟುಕೊಂಡಿರುವುದರಿಂದ ಅದೊಂದೇ ಸಾಕ್ಷಿಯಾಗದು. ಕುಲದೇವತೆಯನ್ನೂ ಸೇರಿಸಿ ನೋಡಬೇಕು. ಕುಲದೇವತೆಯೂ ಊರು ಬಿಟ್ಟಿರಬಹುದು ಎಂಬುದನ್ನು ಮರೆಯಬಾರದು. ವೆರ್ಣೆಯ ಮ್ಹಾಳಸಾ ದೇವಸ್ಥಾನವನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಕೆಡವಿದಾಗ ದೇವಿಯನ್ನು ಮಾರ್ದೋಳಕ್ಕೆ ಸಾಗಿಸಲಾಯಿತು, ಹಾಗಾಗಿ ಇಂದು ಕುಟುಂಬ ಮಾರ್ದೋಳಕ್ಕೆ ನಡೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ಮೂಲ ಮಾರ್ದೋಳವಲ್ಲ. ಗೋವೆಯ ದೇವಸ್ಥಾನಗಳಲ್ಲಿ ಮಹಾಜನರೆಂದರೆ ಹಕ್ಕುಳ್ಳ ಕುಟುಂಬಗಳು, ಅವರ ಪಟ್ಟಿಗಳಿವೆ. ಪಣಜಿಯ ಪತ್ರಾಗಾರದ ಬೇರು 1595ರಷ್ಟು ಹಿಂದಿನದು. ಅಲ್ಲಿ ಕೂರುವುದಕ್ಕೆ ಪೋರ್ಚುಗೀಸ್ ಬಲ್ಲವರ ನೆರವು ಬೇಕು. "ನಾವು 1560ರಲ್ಲಿ ಇನ್ಕ್ವಿಸಿಶನ್ (ಪೋರ್ಚುಗೀಸರ ಮತವಿಚಾರಣೆ) ಆದಾಗ ಬಂದವರು" ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ವಲಸೆ ಒಂದೇ ಸಲಕ್ಕೆ ಆದದ್ದಲ್ಲ, ಕಾಗದ ಸಿಗುವವರೆಗೆ ಆ ವರ್ಷವನ್ನು ವಂಶಾವಳಿಯಲ್ಲಿ ಬರೆಯದಿರುವುದು ಮೇಲು.

ಜಮೀನೂ ಇಲ್ಲದ, ಊರೂ ತಿಳಿಯದ ಮನೆಗಳಲ್ಲಿ ಉಳಿಯುವುದು ಪಿತೃಕಾರ್ಯದ ಹಕ್ಕು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳಲೇಬೇಕು, ತಾಯಿಯ ಕಡೆಯವರದೂ ಬರುತ್ತದೆ. ಆದ್ದರಿಂದ ಮನೆಯ ಹಿರಿಯರ ತರ್ಪಣದ ಚೀಟಿ ನಾಲ್ಕು ತಲೆಮಾರುಗಳನ್ನು ತಕರಾರಿಲ್ಲದೆ ಕೊಡುತ್ತದೆ. ಗೋಕರ್ಣ, ತ್ರ್ಯಂಬಕ, ಕಾಶಿಗಳ ಪುರೋಹಿತ ಮನೆತನಗಳು ತಮ್ಮ ಯಜಮಾನರ ಹೆಸರುಗಳನ್ನು ವಹಿಗಳಲ್ಲಿ ಬರೆದಿಡುತ್ತ ಬಂದಿವೆ. ಗೋತ್ರದಿಂದ ಮಾತ್ರ ಹೆಚ್ಚು ನಿರೀಕ್ಷಿಸಬಾರದು. ವಿಶ್ವಕರ್ಮರಲ್ಲಿ ಚಿನ್ನ ಬೆಳ್ಳಿಯ ಕೆಲಸದವರದು ಸುಪರ್ಣ ಗೋತ್ರವಾದುದರಿಂದ ಅದು ಕಸುಬನ್ನು ಹೇಳುತ್ತದೆ, ಮನೆಯನ್ನು ಹೇಳುವುದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದ ಒಂದೇ ಮನೆಯಲ್ಲಿ ಎರಡು ಮೂರು ಮಂದಿ ಮೌನೇಶಾಚಾರಿಗಳು ಇರುತ್ತಾರೆ, ಹೆಂಡತಿಯ ಹೆಸರನ್ನೂ ಬರೆದುಕೊಂಡರೆ ಮಾತ್ರ ಅವರನ್ನು ಬೇರ್ಪಡಿಸಬಹುದು.

ಹತ್ತಿರದ ತಲೆಮಾರಿಗೆ ಇನ್ನೊಂದು ಕಾಗದವಿದೆ, ಅದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಆಭರಣ ಮಾಡುವುದನ್ನು ನಿಷೇಧಿಸಿದಾಗ ಅಸಂಖ್ಯ ಅಕ್ಕಸಾಲಿಗರ ಅಗ್ಗಿಷ್ಟಿಕೆ ಆರಿತು. ಮುಂದೆ 1968ರ ಕಾಯಿದೆಯಡಿ ಚಿನ್ನದ ಕೆಲಸ ಮಾಡಲು ಅಕ್ಕಸಾಲಿಗರು ಸರ್ಕಾರದ ಪ್ರಮಾಣಪತ್ರ ಪಡೆಯಬೇಕಾಯಿತು, 1990ರಲ್ಲಿ ಕಾಯಿದೆ ರದ್ದಾಗುವವರೆಗೆ ಈ ಕಟ್ಟಳೆ ಇತ್ತು. ಬೆಳ್ಳಿ ಕೆಲಸವನ್ನೇ ಮುಖ್ಯವಾಗಿ ಮಾಡುತ್ತಿದ್ದವರೂ ಮೂಗುಬೊಟ್ಟು, ತಾಳಿಗಳ ಸಲುವಾಗಿ ಆ ಪತ್ರ ಪಡೆದಿರಬಹುದು. ಅಜ್ಜನ ತ್ರಾಸಿನ ಪೆಟ್ಟಿಗೆ, ಟ್ರಂಕು, ಹಳೆಯ ಪಂಚಾಂಗಗಳ ನಡುವೆ ಅಂಥದೊಂದು ಹಾಳೆ ಸಿಕ್ಕರೆ, ಬೆಳ್ಳಿ ತಟ್ಟೆಯನ್ನು ಕಪಾಟಿನಲ್ಲೇ ಇಟ್ಟು, ಆ ಹಾಳೆಯಲ್ಲಿ ಯಾವ ಊರು ನಮೂದಾಗಿದೆಯೋ ಆ ತಾಲ್ಲೂಕಿನ ಕಚೇರಿಯಿಂದ ಹುಡುಕಾಟ ಆರಂಭಿಸಿ.